ಕಾಲಿಟ್ಟಾಗಿನಿಂದ

"ನೀನು ಕಾಲಿಟ್ಟಾಗ್ಲಿಂದ್ಲೇ ಕಣವ್ವ. ನಾನೇನು ಸುಳ್ ಏಳ್ತಾ ಇಲ್ಲ, ಬೇಕಾರೆ ದಿನ ಎಣಿಸ್ಕೋ," ಎಂದಳು ಕೂಲಿಗೆ ಬಂದಿದ್ದ ಮರಮ್ಮ, ಒಣಗಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಗುಡ್ಡೆ ಮಾಡುತ್ತಾ. ಮಾತಿನಲ್ಲಿ ದ್ವೇಷವೇನೂ ಇರಲಿಲ್ಲ. ಸಂಜೆಗೆ ಮಳೆ ಬಂದಾತು ಅನ್ನುವಷ್ಟು ಸಲೀಸಾಗಿ ಹೇಳಿದ್ದಳು. ಹಾಗೆ ಹೇಳಿದ್ದೇ ಸೌಂದರ್ಯಳಿಗೆ ಹೆಚ್ಚು ನಾಟಿತು.

ದಿನ ಅವಳೂ ಎಣಿಸಿದ್ದಳು. ತವರು ಭೇರ್ಯದ ಹತ್ತಿರ, ಗದ್ದೆ ಸೀಮೆ. ಬಿಳಿಕೆರೆಯಿಂದ ಒಳಗಿರುವ ಈ ಊರಿಗೆ ವೈಶಾಖದಲ್ಲಿ ಮದುವೆಯಾಗಿ ಬಂದಳು. ಆಷಾಢಕ್ಕೆ ಎಲ್ಲ ಹೊಸ ಸೊಸೆಯರ ಹಾಗೆ ತವರಿಗೆ ಹೋಗಿ, ಶ್ರಾವಣದಲ್ಲಿ ವಾಪಸು ಬಂದ ದಿನವೇ ಮಾವ ದೇವರಾಜು ಹೊಗೆಸೊಪ್ಪು ಬೇಯಿಸುವ ಮನೆಯ, ಬ್ಯಾರನ್ನಿನ, ಒಲೆಗೆ ಈ ವರ್ಷದ ಮೊದಲ ಬೆಂಕಿ ಹಾಕಿದ್ದರು. ಆ ಮೊದಲ ಸೊಪ್ಪು ಮಸಿ ಹಿಡಿದಂತೆ ಕಪ್ಪಾಗಿ ಇಳಿಯಿತು. ಎರಡನೆಯದು ಅರ್ಧ ಕೆಂಪು, ಅರ್ಧ ಹಸಿರು. ಈಗ ಮೂರನೆಯದು ಒಳಗೆ ಬೇಯುತ್ತಿತ್ತು. ಅದೂ ಕೆಟ್ಟರೆ ಸೌಂದರ್ಯ ತವರಿಗೆ ಹೋಗಿರಬೇಕು, ಕರೆಸಿದಾಗ ಬರಬೇಕು ಎಂದು ಅತ್ತೆ ವಿಮಲಮ್ಮ ಊಟಕ್ಕೆ ಬಡಿಸುತ್ತಲೇ ತೀರ್ಮಾನ ಹೇಳಿಬಿಟ್ಟಿದ್ದರು. ಪಕ್ಕದ ಮನೆ ದೊಡ್ಡಮಾದಯ್ಯನ ಸೊಸೆಯನ್ನೂ ಹೀಗೇ ಕಳಿಸಿದ್ದರಂತೆ. ಮೂರು ವರ್ಷವಾಯಿತು, ಇನ್ನೂ ಕರೆಸಿಲ್ಲ.

ಗಂಡ ಮಹೇಂದ್ರ ಸೌದೆ ನೋಡಲು ಪಿರಿಯಾಪಟ್ಟಣದ ಕಡೆ ಹೋಗಿದ್ದ. ಅವನ ತಂಗಿ ರೂಪಶ್ರೀ ಬ್ಯಾರನ್ನಿನ ಗೋಡೆಗೆ ಬೆನ್ನು ಕೊಟ್ಟು, ತೊಡೆ ಮೇಲೆ ವ್ಯಾಕರಣದ ಪುಸ್ತಕ ಇಟ್ಟುಕೊಂಡಿದ್ದಳು. ಹುಣಸೂರಿನ ಕಾಲೇಜಿನಲ್ಲಿ ಬಿ.ಎ.; ಇಂಗ್ಲಿಷ್ ಒಂದು ಉಳಿದುಕೊಂಡಿತ್ತು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ಅತ್ತಿಗೆಯೊಬ್ಬಳೇ.

"ಅತ್ಗೆ, ಸಿನ್ಸ್ ಅಂದ್ರೆ ಅವತ್ತಿಂದ ಅಂತ ನಿನ್ನೆ ಏಳ್ಕೊಟ್ರಿ. ಇಲ್ಲಿ ನೋಡುದ್ರೆ ಯಾಕಂದ್ರೆ ಅಂತ ಬರ್ದವ್ರೆ."

"ಎರಡೂ ಆಯ್ತದೆ ಕಣೇ. ಸೋಮವಾರದಿಂದ ಜ್ವರ ಅನ್ನಕ್ಕೂ ಸಿನ್ಸ್. ಜ್ವರ ಇರೋದ್ರಿಂದ ಬರಲ್ಲ ಅನ್ನಕ್ಕೂ ಸಿನ್ಸ್. ಆಸ್ ಅನ್ನೋದೂ ಅಂಗೇ. ನಾನು ಬರ್ತಿದ್ದಂಗೆ ಮಳೆ ಬಂತು, ಅಲ್ಲೂ ಆಸ್. ಮಳೆ ಬಂತು ಅಂತ ನಾನು ಬರ್ಲಿಲ್ಲ, ಅಲ್ಲೂ ಆಸ್."

"ಅಷ್ಟು ದೊಡ್ಡ ದೇಶ ಆಳುದ್ರು, ಇನ್ನೊಂದು ಪದ ಮಾಡ್ಕೊಳಕ್ಕೆ ಆಗ್ನಿಲ್ವಾ? ಯಾವುದು ಯಾವುದು ಅಂತ ಎಂಗೆ ಗೊತ್ತಾಗದು?"

"ಹಿಂದೆಮುಂದೆ ಇರೋ ಮಾತು ನೋಡ್ಬೇಕು. ಒಂದೊಂದು ಸಲ ಅದ್ರಲ್ಲೂ ಗೊತ್ತಾಗಲ್ಲ. ಹೇಳೋರ ಮನಸಲ್ಲೇ ಎರಡೂ ಕಲಸ್ಕೊಂಡಿರ್ತದೆ."

ರೂಪಶ್ರೀ ಪೆನ್ನು ಕಚ್ಚಿ ಒಂದು ವಾಕ್ಯ ಕಟ್ಟಿದಳು. "ಸಿನ್ಸ್ ಅತ್ಗೆ ಕೇಮ್, ಬ್ಯಾರನ್ ಈಸ್ ಗೋಯಿಂಗ್ ಬ್ಯಾಡ್." ಹೇಳಿ ನಕ್ಕವಳು ಅತ್ತಿಗೆಯ ಮುಖ ನೋಡಿ ನಾಲಗೆ ಕಚ್ಚಿಕೊಂಡಳು.

"ಏನಂದ್ಲವ್ವ ಅದು?" ಎಂದಳು ಮರಮ್ಮ.

"ನೀನು ಹೇಳಿದ್ದೇ ಕಣಮ್ಮ," ಎಂದು ಸೌಂದರ್ಯ ಎದ್ದಳು.

ಎದ್ದವಳು ಬ್ಯಾರನ್ನಿನ ಬಾಗಿಲ ಪಕ್ಕದ ಅಂಗೈಯಗಲದ ಗಾಜಿಗೆ ಕಣ್ಣಿಟ್ಟಳು. ಮೇಲಿಂದ ಕೆಳಗಿನವರೆಗೆ ಸಾಲುಸಾಲು ಕಡ್ಡಿಗಳು, ತಲೆಕೆಳಗಾಗಿ ತೂಗುವ ಸೊಪ್ಪು. ನೆಲದ ಮೇಲೆ ಒಲೆಯ ಬಿಸಿ ಹರಿಯುವ ದಪ್ಪ ತಗಡಿನ ಪೈಪು. ಉದುರಿದ ಎಲೆ ಪೈಪಿಗೆ ತಾಗದಿರಲಿ ಎಂದು ಅದರ ಮೇಲೆ ತಂತಿಯ ಜಾಲರಿ ಮುಚ್ಚಿರುತ್ತಾರೆ. ಆ ಜಾಲರಿ ಒಂದು ಕಡೆ ಜಾರಿತ್ತು. ಅಲ್ಲೇ ಪೈಪಿಗೆ ತೇಪೆ ಹಾಕಿದ ಜಾಗ, ತೇಪೆಯ ಅಂಚಿನಿಂದ ಎಳೆ ಹೊಗೆ. ಆ ತೇಪೆಯ ಮೇಲೆ ಒಂದು ಎಲೆ ಬಿದ್ದಿತ್ತು.

ಒಲೆಯ ಮುಂದೆ ಕೂತಿದ್ದ ಮಾವನ ಹತ್ತಿರ ಓಡಿದಳು. "ಮಾವ, ಪೈಪ್ ಮೇಲೆ ಎಲೆ ಬಿದ್ದದೆ. ತೇಪೆ ಹಾಕಿರೋ ಕಡೆ ಹೊಗೇನೂ ಬತ್ತಾ ಅದೆ. ಸೊಪ್ಪು ಕಪ್ಪಾಗ್ತಿರೋದು ಆ ಹೊಗೇಲೇ ಇರಬೇಕು. ಯಾವಾಗ ಹಾಕ್ಸಿದ್ರಿ ತೇಪೆ?"

ದೇವರಾಜು ಬೆಂಕಿಯಿಂದ ಕಣ್ಣು ಕೀಳಲಿಲ್ಲ. "ಯುಗಾದಿಗೆ."

"ನಾನು ಬರೋಕೆ ಮುಂಚೆ."

"ಊಂ." ಒಂದು ಸೌದೆ ಒಳಗೆ ತಳ್ಳಿದರು. "ಬಾಗ್ಲು ನನ್ನ ಕೈಲಿಲ್ಲ ಕಣವ್ವ. ನಿಮ್ಮತ್ತೇನ ಕೇಳು."

ಆ ಮನೆಯ ಕಟ್ಟಳೆ ಹಾಗಿತ್ತು. ಸೊಪ್ಪು ತುಂಬಿದ ಮೇಲೆ ಬಾಗಿಲ ಸಂದಿಗಳನ್ನೆಲ್ಲ ಕೆಮ್ಮಣ್ಣು, ಸಗಣಿ ಕಲಸಿ ಮೆತ್ತುವರು. ಹಸಿಮಣ್ಣಿನ ಮೇಲೆ ಮನೆಯ ಹಿರಿಯ ಹೆಂಗಸು ಬಲಗೈ ಊರಿ ಅಚ್ಚು ಒತ್ತುವಳು. ಆರನೆಯ ದಿನ ಅವಳೇ ಅದನ್ನು ಒಡೆಯುವವರೆಗೆ ಗಂಡಸರೂ ಬಾಗಿಲು ಮುಟ್ಟುವಂತಿಲ್ಲ. ವಿಮಲಮ್ಮನ ಅತ್ತೆಯೂ ಹಾಗೇ ಒತ್ತಿದವರು.

ವಿಮಲಮ್ಮ ಜಗುಲಿಯಲ್ಲಿ ಅವರೆಕಾಳು ಆರಿಸುತ್ತಿದ್ದರು. ಸೊಸೆಯ ಮಾತು ಪೂರ್ತಿ ಕೇಳಿದರು. "ನಾಕನೇ ದಿನ ತೆಗುದ್ರೆ ತಣ್ಣನೆ ಗಾಳಿ ಹೊಕ್ಕು ಸೊಪ್ಪು ಕೆಡ್ತದೆ. ನಿಮ್ಮ ಗದ್ದೆ ಕಡೆಯವ್ರಿಗೆ ಗೊತ್ತಿಲ್ದೆ ಇರಬೌದು."

"ತೆಗೀದಿದ್ರೆ ಬೆಂಕಿ ಬೀಳ್ತದೆ ಅತ್ತೆ. ಗೋಡೆಗೊರಗಿ ರೂಪ ಕೂತವ್ಳೆ."

"ಮೂವತ್ತು ವರ್ಸದಿಂದ ಈ ಕೈ ಒತ್ತೀವ್ನಿ. ಒಂದು ದಿನ ಬೆಂಕಿ ಬಿದ್ದಿಲ್ಲ. ಬಿದ್ರೆ ಯಾರ ದೆಸೆಯಿಂದ ಅಂತ ಊರೇ ಏಳ್ತದೆ, ಓಗು."

ಸೌಂದರ್ಯ ಗಾಜಿಗೆ ಹಿಂತಿರುಗಿದಳು. ಎಲೆಯ ನಡುವೆ ಕಾಸಿನಗಲ ಕಪ್ಪು, ಅದರ ಅಂಚಿಗೆ ಕೆಂಪು ದಾರದಂಥ ಗೆರೆ. ತೆಗೆದರೆ ಸೊಪ್ಪು ಕೆಡುತ್ತದೆ, ತವರಿನ ಬಸ್ಸು. ತೆಗೆಯದಿದ್ದರೂ ಅದೇ ಬಸ್ಸು, ಜೀವ ಉಳಿದಿದ್ದರೆ. ಅವಳು ಮೂಲೆಯ ಹಾರೆ ಎತ್ತಿಕೊಂಡಳು.

"ಅಯ್ಯೋ, ಕೈ ಕಣವ್ವ! ಅತ್ತೆ ಕೈ!" ಎಂದು ಮರಮ್ಮ ಕಿರುಚುವಷ್ಟರಲ್ಲಿ ಹಾರೆಯ ತುದಿ ಒಣಗಿದ ಅಂಗೈಯ ನಡುವಿಗೇ ಹೊಕ್ಕಿತ್ತು. ಮಣ್ಣು ಬೆರಳು ಬೆರಳಾಗಿ ಉದುರಿತು. ಬಾಗಿಲು ತೆರೆದಾಗ ಬಂದ ಬಿಸಿಗೆ ಹುಬ್ಬು ಚುರುಗುಟ್ಟಿತು. ಸೆರಗು ಸುತ್ತಿದ ಕೈಯಿಂದ ಎಲೆ ಎತ್ತಿ ಹೊರಗೆಸೆದು ತುಳಿದಳು, ಜಾಲರಿ ಎಳೆದು ಮುಚ್ಚಿದಳು, ಬಾಗಿಲು ಹಾಕಿದಳು. ಎಲ್ಲ ಸೇರಿ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಆಗಿರಲಿಲ್ಲ.

ಜಗುಲಿಯಿಂದ ವಿಮಲಮ್ಮ ನೋಡಿದರು. ಅವರೆಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದರು.

ಆರನೆಯ ದಿನ ಸೊಪ್ಪು ಇಳಿಯಿತು. ತುಂಬಿದ್ದ ಹೊಗೆ ಅಂದು ಹೊರಬಿದ್ದುದಕ್ಕೋ ಏನೋ, ಹಿಂದಿನ ಸಾಲುಗಳು ಮೊದಲೆರಡು ಸಲಕ್ಕಿಂತ ಚೆನ್ನಾಗಿದ್ದವು. ಬಾಗಿಲ ಕಡೆಯ ಸಾಲುಗಳಲ್ಲಿ ಮಾತ್ರ ಬಿಸಿ ಇಳಿದು, ದಂಟಿನ ನೀರು ಎಲೆಗೆ ತಿರುಗಿ, ನಡುನರದುದ್ದಕ್ಕೂ ಕಪ್ಪು ಗೆರೆ ಎದ್ದಿತ್ತು. ವಿಮಲಮ್ಮ ಗೆರೆಯ ಎಲೆಗಳನ್ನೇ ಆರಿಸಿ ಅಂಗಳದಲ್ಲಿ ಹರಡಿದರು. ಸೌಂದರ್ಯ ಅಂದು ತುಳಿದು ಎತ್ತಿಟ್ಟಿದ್ದ, ತೂತು ಬಿದ್ದ ಆ ಒಂದು ಎಲೆಯನ್ನು ಮುಂದೆ ಹಿಡಿದಳು.

"ಇದು ನೋಡಿ ಅತ್ತೆ. ಇದು ಅಲ್ಲೇ ಇದ್ದಿದ್ರೆ?"

"ಇದ್ದಿದ್ರೆ ಏನಾಗ್ತಿತ್ತೋ ನಾನು ಕಂಡಿಲ್ಲ. ನೀನು ಮುಟ್ಟಿದ್ ಮೇಲೆ ಏನಾತು ಅಂತ ಇಲ್ಲಿ ಬಿದ್ದದೆ, ನೋಡ್ಕೋ."

ಸೌಂದರ್ಯ ಮಾವನ ಕಡೆ ನೋಡಿದಳು. ಯುಗಾದಿ ಎಂಬ ಮೂರಕ್ಷರ ಅವರು ಅಲ್ಲಿ ಹೇಳಿದ್ದರೆ ಸಾಕಿತ್ತು. ದೇವರಾಜು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಸೌದೆ ನೋಡಿ ವಾಪಸು ಬಂದಿದ್ದ ಮಹೇಂದ್ರ, "ಒಂದೆರಡು ತಿಂಗ್ಳು ಇದ್ದು ಬಾ, ಅಮ್ಮ ತಣ್ಣಗಾಗ್ಲಿ," ಎಂದು ಬ್ಯಾಗು ಕೆಳಗಿಳಿಸಿ ಕೊಟ್ಟ.

ಮಾರನೆಯ ದಿನ ಅವಳು ಬ್ಯಾಗು ಹಿಡಿದು ಹೊರಬಂದಾಗ ನಾಲ್ಕನೆಯ ಸೊಪ್ಪು ತುಂಬಿ ಮುಗಿದಿತ್ತು. ಬಾಗಿಲಿಗೆ ಹೊಸ ಮಣ್ಣು ಮೆತ್ತಿತ್ತು. ವಿಮಲಮ್ಮ ಈ ಸಲ ಬಲಗೈ ಒಂದೇ ಅಲ್ಲ, ಎರಡೂ ಕೈ ಒತ್ತಿದ್ದರು. ಪಕ್ಕದ ಗೋಡೆಗೆ ಏನೋ ಒರಗಿತ್ತು. ಸೌಂದರ್ಯ ಎರಡು ಹೆಜ್ಜೆ ಹೋಗಿ ನಿಂತುಬಿಟ್ಟಳು. ನಿನ್ನೆ ಕಸ ಗುಡಿಸುವಾಗ ಹೊರಗಿಟ್ಟ ತಂತಿಯ ಜಾಲರಿ. ಜಗಳದ ಗಲಾಟೆಯಲ್ಲಿ ಯಾರೂ ವಾಪಸು ಒಳಗೆ ಹಾಕಿರಲಿಲ್ಲ.

"ಮಾವ, ಜಾಲರಿ ಹೊರಗೇ ಅದೆ!"

ದೇವರಾಜು ನೋಡಿದರು. ಜಾಲರಿಯನ್ನು ನೋಡಿದರು, ಆಮೇಲೆ ಬಾಗಿಲ ಮೇಲಿನ ಹತ್ತು ಬೆರಳುಗಳನ್ನು. "ಈಗ ತಾನೆ ಒತ್ತವ್ಳೆ..." ಎಂದರು, ಅರ್ಧ ತಮಗೇ.

"ಹೊರಡೋ ಹೊತ್ತಲ್ಲಿ ಅಪಶಕುನ ನುಡೀಬ್ಯಾಡ," ಎಂದು ಒಳಗಿನಿಂದ ವಿಮಲಮ್ಮನ ದನಿ. "ಏನ್ರೀ, ಬೆಂಕಿ ಹಾಕ್ರೀ, ಹೊತ್ತು ಮೀರ್ತದೆ."

ದೇವರಾಜು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೊದಲ ಕಡ್ಡಿ ಆರಿತು. ಎರಡನೆಯದು ಹತ್ತಿತು.

ರೂಪಶ್ರೀ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಗೇಟಿನವರೆಗೆ ಬಂದಳು. ಕಣ್ಣು ಊದಿತ್ತು. ಸೌಂದರ್ಯ ಅವಳ ಮಣಿಕಟ್ಟು ಹಿಡಿದಳು.

"ಆ ಗೋಡೆಗೆ ಒರಗಿ ಓದ್ಬೇಡ. ನನ್ನಾಣೆ. ಗಾಜಲ್ಲಿ ಗಳಿಗೆಗೊಂದು ಸಲ ನೋಡ್ತಿರು. ನಾಕನೇ ದಿನ ಎಲೆ ಗರಿಗರಿ ಒಣಗಿರ್ತದೆ, ಅವತ್ತು ಅಂತೂ ಹತ್ರನೂ ಸುಳೀಬೇಡ."

"ಏನಾದ್ರೂ ಆದ್ರೆ ಅತ್ಗೆ?"

"ಆದ್ರೆ ನಾನು ಹೋದಾಗಿನಿಂದ ಆಯ್ತು ಅಂತಾರೆ."

ರೂಪಶ್ರೀಗೆ ಅಳುವಿನ ನಡುವೆಯೂ ಸಣ್ಣ ನಗು ಬಂತು. "ಸಿನ್ಸ್," ಎಂದಳು.

ಸೌಂದರ್ಯ ನಗಲಿಲ್ಲ. ಹಿಂದೆ, ಮುಚ್ಚಿದ ಬಾಗಿಲ ಒಳಗೆ, ಬಿಸಿ ಏರತೊಡಗಿದ ಪೈಪು ಟಣ್ ಎಂದಿತು.