ತಾನೇ ಬ್ರೇಕ್ ಹಾಕುವ ಬಿಳಿ ಕಾರು

ನಮ್ಮ ಕಾರಿಗೆ ದೆವ್ವ ಹಿಡಿದಿದೆ ಎನ್ನುತ್ತಾನೆ ಅಪ್ಪ. ದೆವ್ವವಾಗಿದ್ದರೆ ಪಾದ್ರಿಯನ್ನಾದರೂ ಕರೆಸಬಹುದಿತ್ತು. ಕಂಪನಿಯವರನ್ನು ಕರೆಸಲು ನನಗೆ ಏಳು ತಿಂಗಳು ಹಿಡಿಯಿತು.

ವಾರಕ್ಕೆ ಮೂರು ದಿನ ಅಪ್ಪನನ್ನು ಮರಳುಗಾಡಿನ ನಮ್ಮೂರು ಪಿಂಬಾದಿಂದ ಪೋರ್ಟ್ ಅಗಸ್ಟಾದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಹೋಗುವಾಗ ನೂರ ಎಪ್ಪತ್ತು ಕಿಲೋಮೀಟರ್, ಬರುವಾಗಲೂ ಅಷ್ಟೇ. ಒಂದು ಸರದಿ ತಪ್ಪಿದರೆ ಅವನ ಕಾಲು ಊದುತ್ತದೆ, ಎರಡು ತಪ್ಪಿದರೆ ಉಸಿರಾಡಲಾರ. ಇಂಥ ದಾರಿಯಲ್ಲಿ ಸೂರ್ಯ ಎದುರಿಗೆ ತಗ್ಗಿನಲ್ಲಿದ್ದರೆ ಸಾಕು, ಖಾಲಿ ರಸ್ತೆಯಲ್ಲಿ ನೂರಹತ್ತರ ವೇಗದಲ್ಲಿ ಓಡುತ್ತಿರುವ ಕಾರು ಇಲ್ಲದ ಗೋಡೆ ಕಂಡು ತಾನೇ ಬ್ರೇಕ್ ಹಾಕಿಬಿಡುತ್ತದೆ. ಹಿಂದೆ ಬರುವುದು ಮೂರು ಟ್ರೈಲರ್ ಎಳೆಯುವ ಲಾರಿಗಳು. ಅವು ನಿಲ್ಲಲು ಅರ್ಧ ಕಿಲೋಮೀಟರಾದರೂ ಬೇಕು.

ಡಿಕ್ಕಿ ತಪ್ಪಿಸಲೆಂದು ಕಂಪನಿಯವರೇ ಇಟ್ಟ ಈ ತಾನೇ-ಬ್ರೇಕನ್ನು ಗುಂಡಿ ಒತ್ತಿ ಆರಿಸಿದರೆ 'ಆರಿದೆ' ಎಂದು ತೋರಿಸುತ್ತದೆ, ಆಮೇಲೂ ಹಿಡಿಯುತ್ತದೆ. ಮಾರಿಬಿಡು ಎಂದರು ಹಲವರು. ಯಾರ ತಲೆಗೆ ಕಟ್ಟಲಿ? ಮಕ್ಕಳನ್ನು ಕೂರಿಸಿಕೊಂಡು ಹೋಗುವ ಯಾವ ತಾಯಿಗೆ? ನಾಲ್ಕು ಸಲ ಷೋರೂಮಿಗೆ ಬಿಟ್ಟೆ. ಮಹಾಶಯರು ನಡುಮಧ್ಯಾಹ್ನ ಊರೊಳಗೆ ಎರಡು ಸುತ್ತು ಹಾಕಿ, ನಾಲ್ಕು ಸಲವೂ ಒಂದೇ ಮಾತು ಬರೆದು ಕೊಟ್ಟರು: ದೋಷ ಕಂಡುಬಂದಿಲ್ಲ.

ಅದಕ್ಕೇ ಕಾರಿನಲ್ಲಿ ಈ ಮಾತಾಡುವ ರೇಡಿಯೋ. ಈ ಹೆದ್ದಾರಿಯ ಲಾರಿಯವರೆಲ್ಲ ನಲವತ್ತನೇ ಚಾನೆಲಿನಲ್ಲಿರುತ್ತಾರೆ. ಕನ್ನಡಿಯಲ್ಲಿ ಲಾರಿ ಕಂಡ ಕೂಡಲೇ ನಾನು ಮೈಕು ಹಿಡಿದು, "ಬಿಳಿ ಕಾರು, ತಾನೇ ಬ್ರೇಕ್ ಹಾಕತ್ತೆ, ದೂರ ಇರಿ" ಎನ್ನುತ್ತೇನೆ.

"ಬಂದ್ಲಪ್ಪಾ ಬ್ರೇಕಮ್ಮ! ಸರೀರಿ, ಎಲ್ರೂ ಹಿಂದೆ ಸರೀರಿ!" ಎಂದು ಕೂಗುವವನು ಡೆನ್ಜಿಲ್, ಅಡಿಲೇಡಿನಿಂದ ಸಾಮಾನು ಹೇರಿಕೊಂಡು ಬರುವವನು. "ಕ್ಲಾರಿ ತಾತಾ, ಇನ್ನೂ ಇದ್ದೀಯೇನೋ?"

ಅಪ್ಪ ನನ್ನ ಕೈಯಿಂದ ಮೈಕು ಕಿತ್ತುಕೊಳ್ಳುತ್ತಾನೆ. "ನಿನ್ನ ತಿಥಿ ಊಟ ಉಂಡೇ ಹೋಗೋದು ಕಣೋ!"

ಅವರು ನಗುತ್ತಾರೆ. ನನಗೆ ನಗು ಬರುವುದಿಲ್ಲ, ಲಾರಿ ಹಿಂದೆ ಸರಿಯಿತೇ ಎಂದು ಕನ್ನಡಿ ನೋಡುತ್ತಿರುತ್ತೇನೆ.

ಕೊನೆಗೂ ಜುಲೈನಲ್ಲಿ ಕಂಪನಿಯಿಂದ ರೋವನ್ ಎಂಬ ಎಂಜಿನಿಯರ್ ಬಂದ. ಇಸ್ತ್ರಿ ಅಂಗಿ, ಲ್ಯಾಪ್‌ಟಾಪ್. ಡಯಾಲಿಸಿಸ್ ಮುಗಿಸಿದ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದೆ. ಲ್ಯಾಪ್‌ಟಾಪಿನ ತಂತಿಯನ್ನು ಕಾರಿಗೆ ಸಿಕ್ಕಿಸಿ ರೋವನ್ ತಾನೇ ಓಡಿಸಲು ಕುಳಿತ, ನಾನು ಪಕ್ಕದಲ್ಲಿ. ಹೆದ್ದಾರಿ ಹತ್ತಿದ್ದೇ ತಡ, ರೇಡಿಯೋ ಆರಿಸಿಬಿಟ್ಟ.

"ಅದು ಇರ್ಲಿ. ಇಲ್ಲಿ ಅದು ಬೇಕೇ ಬೇಕು," ಎಂದೆ.

"ಮೇಡಂ, ಪರೀಕ್ಷೆ ಮಾಡೋವಾಗ ಗಲಾಟೆ ಇರ್ಬಾರ್ದು. ನಮ್ಮ ನಿಯಮ."

ಆಗಲೇ ಕೈ ಚಾಚಿ ಹಾಕಬೇಕಿತ್ತು. ಹಾಕಲಿಲ್ಲ. ಏಳು ತಿಂಗಳು ನನ್ನನ್ನು ಸುಳ್ಳಿ ಎಂದವರಲ್ಲಿ ಒಬ್ಬನಿಗಾದರೂ ಗೊತ್ತಾಗಲಿ ಎಂಬ ಹಟ ನನಗೆ. ಹಿಂದಿನ ಸೀಟಿನಲ್ಲಿ ಅಪ್ಪ ಇದ್ದಾನೆ ಎನ್ನುವುದನ್ನೇ ಆ ಹಾಳು ಹಟ ಮರೆಸಿತು.

ಐದು ಗಂಟೆಯ ಹೊತ್ತಿಗೆ ಬಿಸಿಲು ನೇರ ಕಣ್ಣಿಗೆ ಹೊಡೆಯತೊಡಗಿತು. ಕನ್ನಡಿಯಲ್ಲಿ ಲಾರಿಯೊಂದು ದೊಡ್ಡದಾಗುತ್ತ ಬಂತು. "ರೇಡಿಯೋ ಹಾಕೋ!" ಎಂದು ಕಿರುಚುವಷ್ಟರಲ್ಲಿ ಕಾರು ಬ್ರೇಕ್ ಹಾಕಿತು.

ಬೆಲ್ಟು ಎದೆಗೆ ಕಚ್ಚಿತು. ಹಿಂದಿನಿಂದ ಹಾರನ್ ಬಡಿದುಕೊಳ್ಳುತ್ತಿತ್ತು. ಮುಗಿಯಿತು ನಮ್ಮ ಕಥೆ ಎಂದು ಕಣ್ಣು ಮುಚ್ಚಿದೆ. ಲಾರಿ ನಮ್ಮ ಎಡಕ್ಕೆ ಕೆಂಪು ಮಣ್ಣಿಗಿಳಿದು, ಮೂರೂ ಟ್ರೈಲರ್‌ಗಳನ್ನು ಓಲಾಡಿಸುತ್ತ ಪಕ್ಕದಿಂದಲೇ ಹಾದುಹೋಯಿತು. ಕಿಟಕಿಗೂ ಅದಕ್ಕೂ ಒಂದು ಮೊಳ ಇತ್ತೋ ಇಲ್ಲವೋ.

ಧೂಳಿನಲ್ಲಿ ಅಪ್ಪನ ದನಿ ಕೇಳಿತು. "ಬ್ರೋನ್... ಕೈ."

ಸೂಜಿ ಚುಚ್ಚಿದ್ದ ಕಡೆಯ ಪಟ್ಟಿ ಕಳಚಿ ರಕ್ತ ಚಿಮ್ಮುತ್ತಿತ್ತು. ಹಿಂದಕ್ಕೆ ನುಗ್ಗಿ ಹೆಬ್ಬೆರಳಿನಿಂದ ಅದುಮಿ ಹಿಡಿದೆ. "ನಾನೇ ಕೊಂದುಬಿಟ್ಟೆನಲ್ಲಪ್ಪಾ" ಎಂದು ಅಳುತ್ತಲೇ ಇದ್ದೆ. ಇಪ್ಪತ್ತು ನಿಮಿಷಕ್ಕೆ ರಕ್ತ ನಿಂತಿತು.

ಅಷ್ಟರಲ್ಲಿ ಲಾರಿಯಿಂದ ಇಳಿದು ಓಡಿ ಬಂದವನು ಡೆನ್ಜಿಲ್.

"ನೀನಾ ಬ್ರೋನ್? ನಿನ್ ದನಿ ಬರ್ಲಿಲ್ವಲ್ಲೇ! ನಿಮ್ ಕಾರಾಗಿದ್ರೆ ನೀನು ಹೇಳ್ತಿದ್ದೆ, ಇದ್ಯಾರದೋ ಬೇರೆ ಬಿಳಿ ಕಾರು ಅಂದ್ಕೊಂಡೆ ಕಣೇ." ಆ ದಡೂತಿ ಆಳು ರಸ್ತೆಯಲ್ಲೇ ಕುಕ್ಕರಿಸಿ ಅತ್ತ.

ರೋವನ್ ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡ. ಸ್ಟೀರಿಂಗಿಗೆ ನಾನು ಕುಳಿತು, "ಹತ್ತು" ಎಂದೆ. ಅವನು ಬಾಗಿಲನ್ನು ಮುಟ್ಟಲೂ ಇಲ್ಲ.

"ನಾನು... ಲಾರೀಲೇ ಬರ್ತೀನಿ, ಮೇಡಂ."

ಪಿಂಬಾದವರೆಗೂ ಅವನು ಡೆನ್ಜಿಲ್ ಪಕ್ಕ ಕುಳಿತೇ ಬಂದ.

ನಾಲ್ಕು ದಿನಕ್ಕೆ ಕಾಗದ ಬಂತು. ಪರೀಕ್ಷೆಯಲ್ಲಿ ಯಾವ ದೋಷವೂ ದಾಖಲಾಗಿಲ್ಲ, ವಾಹನ ಪ್ರಯಾಣಕ್ಕೆ ಸುರಕ್ಷಿತ. ಕೆಳಗೆ ರೋವನ್ ಸಹಿ. ಅಪ್ಪನಿಗೆ ಓದಿ ಹೇಳಿದೆ.

"ಲಾರಿ ಹತ್ಕೊಂಡು ಹೋದದ್ದು ಬರ್ದಿದ್ದಾನಾ?"

"ಇಲ್ಲಪ್ಪಾ."

ಮರುದಿನ ಮಂಗಳವಾರ. ಬೇರೆ ಕಾರಿಲ್ಲ, ಹೆದರಿ ಒಂದು ಸರದಿ ತಪ್ಪಿಸಿದ್ದಕ್ಕೆ ಅಪ್ಪನ ಕಾಲು ಆಗಲೇ ಊದಿತ್ತು. ಅವನನ್ನು ಪಕ್ಕದಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಹೆದ್ದಾರಿ ಹತ್ತಿದಾಗ ಬೆಳಗಿನ ಸೂರ್ಯ ಎದುರಿಗೇ ಇದ್ದ. ಕನ್ನಡಿಯಲ್ಲಿ ಲಾರಿ ಕಂಡಿತು. ಮೈಕು ಎತ್ತಿದೆ. ಮಾತೇ ಹೊರಡಲಿಲ್ಲ.

ಪಟ್ಟಿ ಕಟ್ಟಿದ ಕೈಯಿಂದ ಅಪ್ಪ ಮೈಕು ತೆಗೆದುಕೊಂಡ.

"ಬಿಳಿ ಕಾರು," ಎಂದ. "ನಾವೇ ಕಣ್ರಪ್ಪಾ. ದೂರ ಇರಿ."