ನೀರಿನ ವ್ಯಾಗನ್

ಹಾರ್ಲನ್ನನ ಕೈ ನೀಲಿ ಬಾವುಟದ ಹತ್ತಿರ ಹೋಗಿ ಅರ್ಧಕ್ಕೇ ನಿಂತಿತು.

"ಕೀಳಿ ಸಾಹೇಬ್ರೆ, ಕೀಳಿ," ಎಂದಳು ಹೊವಿತಾ. "ನೋಡೋಕೆ ಒಂಬತ್ತು ಜನ ಇದ್ದೀವಿ."

ರೈಲಿನ ಗಾರ್ಡ್ ಹಾರ್ಲನ್ ಕೈ ಹಿಂದಕ್ಕೆಳೆದುಕೊಂಡ. ರಿಪೇರಿಗೆಂದು ವ್ಯಾಗನ್ನಿಗೆ ನೀಲಿ ಬಾವುಟ ಸಿಕ್ಕಿಸಿದರೆ, ಅದಿರುವವರೆಗೆ ವ್ಯಾಗನ್ ಕದಲಿಸುವಂತಿಲ್ಲ; ಸಿಕ್ಕಿಸಿದವನೇ ಬಂದು ತೆಗೆಯಬೇಕು. ಬೇರೆ ಯಾರು ಮುಟ್ಟಿದರೂ ಕೆಲಸ ಹೋಯಿತು. ಚಕ್ರದಡಿ ಸಿಕ್ಕಿ ಎಷ್ಟೋ ಜನ ಸತ್ತ ಮೇಲೆ ಹುಟ್ಟಿದ ನಿಯಮ ಅದು.

ಸಿಕ್ಕಿಸಿದವನು ಹೊವಿತಾಳ ಗಂಡ, ಹಳಿ ಕೆಲಸದ ಮೇಸ್ತ್ರಿ ತೊರಿಬಿಯೊ. ಬೆಳಗಿನಿಂದ ಪತ್ತೆಯಿಲ್ಲ.

ಅಮೆರಿಕದ ಮೊಹಾವಿ ಮರಳುಗಾಡಿನ ಸಾಲ್ಟ್ ಸ್ಪರ್ ಎಂಬ ಈ ಊರಿನಲ್ಲಿ ಬಾವಿ ತೋಡಿದರೆ ಸಿಗುವುದು ಉಪ್ಪುನೀರು. ಉಗಿ ಎಂಜಿನ್ನಿಗೂ ಊರಿಗೂ ನಲವತ್ತು ವರ್ಷ ರೈಲೇ ನೀರು ಹೊತ್ತು ತಂದಿತ್ತು. ಈಗ ಬಂದ ಡೀಸೆಲ್ ಎಂಜಿನ್ನಿಗೆ ಬಾಯಾರಿಕೆಯಿಲ್ಲ. ಎಂಜಿನ್ನಿಗೆ ಬೇಡವಾದದ್ದು ಮನುಷ್ಯರಿಗೂ ಬೇಡವೆಂದು ಕಂಪನಿ ತೀರ್ಮಾನಿಸಿತು. ಹಳಿ ಹಾಸಿದವರನ್ನು, ಆ ಹಳಿಯ ಪಕ್ಕದಲ್ಲೇ ಮಕ್ಕಳನ್ನು ಹೂತವರನ್ನು ಒಂದು ಮಾತೂ ಕೇಳಲಿಲ್ಲ. ಕೊನೆಯ ನೀರಿನ ವ್ಯಾಗನ್ನನ್ನು, ಒಳಗೆ ಉಳಿದ ನೀರಿನ ಸಮೇತ, ಎಳೆದು ತಾ ಎಂದು ಹಾರ್ಲನ್ನನನ್ನು ಕಳಿಸಿತು.

ಅವನು ಮನೆ ಮನೆ ಹುಡುಕಿದ. ಮುಚ್ಚಿದ ಶಾಲೆಯ ಬೀಗ ಒಡೆಸಿದ. ಮುದುಕ ನಬೋರ್ ಒಮ್ಮೆ ಉತ್ತರಕ್ಕೆ, ಒಮ್ಮೆ ದಕ್ಷಿಣಕ್ಕೆ ಕೈ ತೋರಿಸಿದ. ಅವನ ರೈಲಿನ ಹಿಂದೆ ಬರುತ್ತಿದ್ದ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಇನ್ನು ಹನ್ನೆರಡೇ ನಿಮಿಷ.

ಹೊವಿತಾ ವ್ಯಾಗನ್ನಿನ ಟ್ಯಾಂಕಿನ ನೆರಳು ಬಿಟ್ಟು ಕದಲಲಿಲ್ಲ. ಅವಳ ಕಾಲ ಕೆಳಗೇ, ಹಳಿಯಡಿಯ ಮೋರಿಯೊಳಗೆ, ತೊರಿಬಿಯೊ ಉಸಿರು ಬಿಗಿಹಿಡಿದು ಮಲಗಿದ್ದ. ಅವನದು ಹಳೇ ಕೆಮ್ಮು. ಒಳಗಿನಿಂದ ಒಮ್ಮೆ ಗಂಟಲು ಕೆರೆದ ಸದ್ದು ಬಂತು. ತಕ್ಷಣ ಅವಳೇ ಕೆಮ್ಮತೊಡಗಿದಳು, ಕಣ್ಣಲ್ಲಿ ನೀರು ಬರುವವರೆಗೆ.

"ನಿಂದೇನು, ಗಂಡಸಿನ ಕೆಮ್ಮು?" ಎಂದ ಹಾರ್ಲನ್.

"ನಿಮ್ಮ ರೈಲಿನ ಹೊಗೆ ಕುಡಿದಿದ್ದೀವಲ್ಲ, ಗಂಡಸು ಹೆಂಗಸು ಎಲ್ಲರದೂ ಒಂದೇ ಕೆಮ್ಮು."

ಹಾರ್ಲನ್ ಮೋರಿಯ ಕಡೆ ನೋಡಿದ. ಬಗ್ಗಿದ್ದರೆ ಸಾಕಿತ್ತು. ದೂರದಲ್ಲಿ ಎಕ್ಸ್‌ಪ್ರೆಸ್ ಕೂಗಿತು. ಅವನು ಬಗ್ಗಲಿಲ್ಲ.

"ಇಟ್ಕೋ," ಎಂದ. "ತುಂಬಿಸೋಕೆ ಮಾತ್ರ ಇನ್ಯಾರೂ ಬರೋಲ್ಲ, ಹೊವಿತಾ."

ರೈಲು ಮರೆಯಾದ ಮೇಲೆ ಜನ ಬಕೆಟ್ಟು, ಡಬ್ಬ, ಮಗು ಮೀಯಿಸುವ ತೊಟ್ಟಿ, ಸಿಕ್ಕಿದ್ದನ್ನೆಲ್ಲ ಹೊತ್ತು ಓಡಿಬಂದರು. ತೊರಿಬಿಯೊ ಮೈತುಂಬ ಮರಳಾಗಿ ಹೊರಬಂದು ನಗುತ್ತ ನಲ್ಲಿ ತಿರುಗಿಸಿದ. ನಬೋರ್ ಅವನನ್ನು ಹೆಗ್ಗಣವೆಂದು ಕರೆದು ಎಲ್ಲರನ್ನೂ ನಗಿಸಿದ.

ಹೊವಿತಾ ಆಚೆ ಬದಿಗೆ ಹೋಗಿ, ಕೋಲೆತ್ತಿ, ಟ್ಯಾಂಕಿನ ಹೊಟ್ಟೆಯನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತ ಬಂದಳು. ಟೊಳ್ಳು. ಟೊಳ್ಳು. ತಳಕ್ಕೆ ಒಂದು ಮೊಳವಿರುವಾಗ ಸದ್ದು ಮಂದವಾಯಿತು; ನೀರಿದ್ದದ್ದು ಅಷ್ಟೇ. ಅಲ್ಲಿ ಅಂಗೈ ಇಟ್ಟಳು. ಈಚೆ ನಲ್ಲಿ ಸುರಿಯುತ್ತಿದ್ದಂತೆ, ತಣ್ಣಗಿದ್ದ ತಗಡು ಅವಳ ಕೈ ಕೆಳಗೇ ನಿಧಾನವಾಗಿ ಬೆಚ್ಚಗಾಗತೊಡಗಿತು.