ಕನ್ನಡಕ್ಕೆ ಬಂದ ಅಕ್ಕ

ಬಸವರಾಜೇಶ್ವರಿ ಕವಿತೆ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ, ವಿಮರ್ಶೆ ಬರೆಯುತ್ತಿದ್ದುದು ಕನ್ನಡದಲ್ಲಿ. ಯಾಕೆ ಹೀಗೆ ಎಂದು ಕೇಳದ ಸಂದರ್ಶಕರಿರಲಿಲ್ಲ. ಅವರಿಗೆಲ್ಲ ಅವಳ ಬಳಿ ಒಂದು ಸಿದ್ಧ ಉತ್ತರವಿತ್ತು: "ಕನ್ನಡದಲ್ಲಿ ನನಗೆ ಅಕ್ಕ ಇದ್ದಾಳೆ, ಇಂಗ್ಲಿಷಿನಲ್ಲಿ ಸಿಸ್ಟರ್ ಇದ್ದಾಳೆ. ಅಕ್ಕನ ಬಗ್ಗೆ ಬರೆಯೋಕೆ ಹೋದ್ರೆ ಕೈ ನಡುಗುತ್ತೆ. ಸಿಸ್ಟರ್ ಬಗ್ಗೆ ಏನು ಬೇಕಾದ್ರೂ ಬರೀಬಹುದು." ವಿಚಾರ ಸಂಕಿರಣಗಳಲ್ಲಿ ಈ ಮಾತಿಗೆ ತಪ್ಪದೆ ಚಪ್ಪಾಳೆ ಬೀಳುತ್ತಿತ್ತು.

ಆ ಅಕ್ಕ ದೂರದಲ್ಲೆಲ್ಲೋ ಇದ್ದವಳಲ್ಲ. ಬಸವೇಶ್ವರನಗರದ ಅದೇ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಹೆಸರು ಸರ್ವಮಂಗಳಮ್ಮ, ರಾಜೇಶ್ವರಿಗೆ ಮಂಗಳಕ್ಕ. ದಾವಣಗೆರೆಯಲ್ಲಿ ತಾಯಿ ತೀರಿಕೊಂಡಾಗ ಮಂಗಳಕ್ಕ ಹೈಸ್ಕೂಲು ಬಿಟ್ಟು ಒಲೆಯ ಮುಂದೆ ಕೂತಳು, ರಾಜೇಶ್ವರಿ ಸ್ಕೂಲಿಗೆ ಹೋದಳು. ದಿನಾ ಬೆಳಗ್ಗೆ ತಂಗಿಗೆ ಎರಡು ಜಡೆ ಹೆಣೆದು, ಹೂವು ಮುಡಿಸಿ, ಬೀದಿಯ ತಿರುವಿನ ತನಕ ಬಂದು ಕಳಿಸುತ್ತಿದ್ದವಳು ಅವಳೇ. ಆಮೇಲೆ ರಾಜೇಶ್ವರಿ ಬೆಂಗಳೂರಿಗೆ ಬಂದು ಓದಿ, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಮದುವೆಯ ಗೋಜಿಗೆ ಹೋಗದೆ ಮನೆ ಕಟ್ಟಿಸಿ, ಮಹಡಿಯನ್ನು ಬಾಡಿಗೆಗೆ ಕೊಟ್ಟು ನೆಲೆಯಾದಳು. ಗಂಡ ತೀರಿಕೊಂಡ ಮೇಲೆ ಮಂಗಳಕ್ಕ ತಂಗಿಯ ಮನೆ ಸೇರಿದಳು. ಕೆಂಗೇರಿಯಲ್ಲಿ ಮಗ ಚನ್ನವೀರೇಶನ ಸಂಸಾರವಿತ್ತು. ಆದರೂ "ರಾಜಿ ಒಬ್ಬಳೇ ಇದಾಳೆ" ಎಂದು ಇಲ್ಲೇ ಉಳಿದಳು.

ಕೆಲವು ವರ್ಷಗಳ ಹಿಂದೆ, ರಾಜೇಶ್ವರಿ ಇನ್ನೂ ನಿವೃತ್ತಳಾಗಿರದ ಕಾಲ. ಒಂದು ಮಧ್ಯಾಹ್ನ ಕಾಲೇಜಿನ ಮೀಟಿಂಗು ರದ್ದಾಗಿ ಬೇಗ ಮನೆಗೆ ಬಂದಳು. ತನ್ನ ಬೀಗದ ಕೈಯಿಂದಲೇ ಬಾಗಿಲು ತೆಗೆದು ಒಳಗೆ ನಡೆದಳು. ಹಿಂದಿನ ಕೋಣೆಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮಂಗಳಕ್ಕ ಬೀರುವಿನ ಕನ್ನಡಿಯ ಮುಂದೆ ನಿಂತಿದ್ದಳು. ಹಣೆಯ ವಿಭೂತಿ ಒರೆಸಿ ಸಣ್ಣದೊಂದು ಕುಂಕುಮ ಇಟ್ಟುಕೊಂಡಿದ್ದಳು. ಬಿಳಿ ತುರುಬಿಗೆ ಮಲ್ಲಿಗೆ ದಂಡೆ ಸಿಕ್ಕಿಸಿ, ಅದು ಕಾಣುವಂತೆ ಕತ್ತನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿಕೊಳ್ಳುತ್ತಿದ್ದಳು. ದಂಡೆ ಜಾರುತ್ತಿತ್ತು, ಅವಳು ಮತ್ತೆ ಸಿಕ್ಕಿಸುತ್ತಿದ್ದಳು.

ರಾಜೇಶ್ವರಿ ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಸದ್ದು ಮಾಡದೆ ಹಿಂದೆ ಸರಿದು ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು ಬೆಲ್ ಒತ್ತಿದಳು. ಬಾಗಿಲು ತೆರೆಯಲು ತುಸು ಹೊತ್ತು ಹಿಡಿಯಿತು. ತೆರೆದ ಮಂಗಳಕ್ಕನ ತುರುಬು ಬೋಳಾಗಿತ್ತು, ಹಣೆಯ ಮೇಲೆ ವಿಭೂತಿ ಇತ್ತು.

"ಇಷ್ಟು ಬೇಗ ಬಂದ್ಯಾ? ಇರು, ಕಾಫಿ ಮಾಡ್ತೀನಿ" ಅಂದಳು.

ಅದೇ ವಾರ ರಾಜೇಶ್ವರಿ ಕಂಡದ್ದನ್ನೇ ಇಂಗ್ಲಿಷ್ ಕವಿತೆಯಾಗಿ ಬರೆದಳು. ತಾನು ಬರೆದುದರಲ್ಲಿ ಇದೇ ಮೇಲು ಎಂದು ಮುಗಿಸಿದಾಗಲೇ ಗೊತ್ತಾಯಿತು. ಅದು ಇಂಗ್ಲಿಷ್ ಪತ್ರಿಕೆಯಲ್ಲಿ ಬಂತು, ಸಂಕಲನಗಳಿಗೆ ಹೋಯಿತು, ಅವಳಿಗೆ ಒಂದು ಬಹುಮಾನವನ್ನೂ ತಂದಿತು. ದೆಹಲಿಯಲ್ಲಿ ಓದಿದಳು, ಲಂಡನ್ನಿನಲ್ಲಿ ಓದಿದಳು. ಊರಿಂದೂರಿಗೆ ಹೋದ ಆ ಕವಿತೆ ಅವಳದೇ ಅಡುಗೆಮನೆಗೆ ಮಾತ್ರ ಹೋಗಿರಲಿಲ್ಲ, ಮಂಗಳಕ್ಕನಿಗೆ ಇಂಗ್ಲಿಷ್ ಬಾರದ್ದರಿಂದ ಹೋಗುವ ಹಾಗೂ ಇರಲಿಲ್ಲ. ಅದೇ ಕಾಲದಲ್ಲಿ ಅವಳು ಕನ್ನಡದಲ್ಲಿ, ಮನೆಯಾಳಿನ ಬದುಕನ್ನು ಕಥೆ ಮಾಡಿಕೊಂಡ ಲೇಖಕನೊಬ್ಬನನ್ನು ಹಿಡಿದು ಝಾಡಿಸಿದ್ದಳು. "ಕಂಡದ್ದೆಲ್ಲ ಬರೆಯುವವನ ಸ್ವತ್ತಲ್ಲ" ಎಂಬ ಅವಳ ವಾಕ್ಯವನ್ನು ಜನ ಮೆಚ್ಚಿಕೊಂಡಿದ್ದರು. ಶರಣರು ಹೆಣ್ಣಿಗೆ ಕೊಟ್ಟ ಸಮಾನತೆಯ ಬಗ್ಗೆ ಮಠಗಳಲ್ಲಿ ಭಾಷಣ ಮಾಡಿ ಬಂದ ಸಂಜೆಯೂ ಮಂಗಳಕ್ಕನ ತುರುಬು ಬೋಳಾಗಿಯೇ ಇರುತ್ತಿತ್ತು. ಅದು ರಾಜೇಶ್ವರಿಯ ಕಣ್ಣಿಗೆ ಬೀಳುತ್ತಿರಲಿಲ್ಲವೆಂದಲ್ಲ. ಆ ವಿಷಯ ಕವಿತೆಯಲ್ಲಿ ಬರೆದು ಮುಗಿಸಿದ್ದೇನೆ ಎಂಬಂತೆ ಅವಳಿಗೆ ಅನಿಸಿಬಿಟ್ಟಿತ್ತು.

ಕಳೆದ ನವೆಂಬರಿನಲ್ಲಿ ರಾಜಾಜಿನಗರದ ಕನ್ನಡ ಸಂಘವೊಂದು ಅವಳಿಗೆ ಸನ್ಮಾನ ಇಟ್ಟುಕೊಂಡಿತು. ಭಾನುವಾರ ಬೆಳಗ್ಗೆ ಕಾರ್ಯಕ್ರಮ. ಮಂಗಳಕ್ಕ ಕಾಲುನೋವೆಂದು ತಂಗಿಯ ಸಭೆಗಳಿಗೆ ಹೋಗುತ್ತಿರಲಿಲ್ಲ. ಈ ಸಲ "ಇಲ್ಲೇ ಪಕ್ಕದಲ್ಲಿ, ಅದೂ ಕನ್ನಡದ್ದು, ನಾನೂ ಬರ್ತೀನಿ" ಎಂದು ರೇಷ್ಮೆ ಸೀರೆ ಉಟ್ಟು ಹೊರಟಳು. ಅವಳ ಭಜನಾ ಮಂಡಳಿಯ ಹೆಂಗಸರೂ ಬಂದಿದ್ದರು. ಎದುರು ಮನೆಯ ವರಲಕ್ಷ್ಮಿ ಎರಡನೇ ಸಾಲಿನಲ್ಲಿ ಜಾಗ ಹಿಡಿದಿಟ್ಟು, "ಆಂಟಿ, ನಮ್ ಪಕ್ಕ ಬನ್ನಿ" ಎಂದು ಕೂರಿಸಿಕೊಂಡಳು. ತಂಗಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವಾಗ ಮಂಗಳಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಆಗ ಗಿರಿರಾಜ್ ಮೈಕಿನ ಮುಂದೆ ಬಂದ. ಅವನು ಕಾಲೇಜೊಂದರಲ್ಲಿ ಅಧ್ಯಾಪಕ, ರಾಜೇಶ್ವರಿಯ ಹಳೆಯ ವಿದ್ಯಾರ್ಥಿ.

"ಮೇಡಂಗೇ ಗೊತ್ತಿಲ್ಲದ ಹಾಗೆ ಒಂದು ಸರ್‌ಪ್ರೈಸ್ ಇಟ್ಟಿದೀನಿ" ಎಂದು ಸಭೆಯತ್ತ ನೋಡಿ ನಕ್ಕ. "ಇಡೀ ಜಗತ್ತು ಓದಿರೋ ಕವಿತೆ ಕನ್ನಡದವರಿಗೇ ಸಿಕ್ಕಿಲ್ಲ. ಅದು ಇವತ್ತು ಕನ್ನಡಕ್ಕೆ ಬರ್ತಾ ಇದೆ."

ಮೊದಲ ಸಾಲು ಕೇಳುವ ಮೊದಲೇ ರಾಜೇಶ್ವರಿಗೆ ಅದು ಯಾವುದೆಂದು ತಿಳಿಯಿತು. ಎದ್ದು ನಿಲ್ಲಬಹುದಿತ್ತು. ತಲೆ ಸುತ್ತುತ್ತಿದೆ ಅನ್ನಬಹುದಿತ್ತು. ಅವಳು ಶಾಲಿನ ಅಂಚು ಹಿಡಿದುಕೊಂಡು ಕೂತೇ ಇದ್ದಳು. ಗಿರಿರಾಜ್ ಚೆನ್ನಾಗಿ ಓದುತ್ತಿದ್ದ, ಎಲ್ಲೂ ಅವಸರ ಮಾಡಲಿಲ್ಲ.

"ಬೀದಿ ಮಲಗಿದ ಮಧ್ಯಾಹ್ನ
ನನ್ನಕ್ಕ ಬಾಗಿಲು ಮುಂದೆ ಮಾಡಿ
ಒಂದು ಮೊಳ ಮಲ್ಲಿಗೆ ಮುಡಿಯುತ್ತಾಳೆ.
ವಿಧವೆ ಅವಳು ನಮಗೆಲ್ಲ,
ಕನ್ನಡಿಗೆ ಮಾತ್ರ ಮುತ್ತೈದೆ."

ಸಭೆಯಲ್ಲಿ ಯಾರೋ "ಆಹಾ" ಅಂದರು. ವರಲಕ್ಷ್ಮಿ ಮೆಲ್ಲಗೆ ಕತ್ತು ತಿರುಗಿಸಿದಳು. ಅವಳು ನೋಡಿದ್ದು ಮಂಗಳಕ್ಕನ ಮುಖವನ್ನಲ್ಲ, ತುರುಬನ್ನು. ಅವಳ ಆಚೆಯವಳೂ ಬಗ್ಗಿ ನೋಡಿದಳು.

"ಸಂಜೆಗೆ ಮುನ್ನ ಕಿತ್ತು, ಕಾಗದದಲ್ಲಿ ಸುತ್ತಿ
ಕಸದ ತಳದಲ್ಲಿ ಹೂಳುತ್ತಾಳೆ, ಕಳ್ಳಿ."

ಇಂಗ್ಲಿಷಿನಲ್ಲಿ ಅದು 'ಥೀಫ್' ಎಂದಿತ್ತು. ಹೆಣ್ಣೂ ಅಲ್ಲದ ಗಂಡೂ ಅಲ್ಲದ, ಯಾರಿಗೂ ತಗಲದ ಪದ. ಕನ್ನಡದಲ್ಲಿ ಅದು ಎರಡನೇ ಸಾಲಿನಲ್ಲಿ ಕೂತವಳನ್ನು ಬೆರಳಿಟ್ಟು ತೋರಿಸಿತು. ಅನುವಾದದಲ್ಲಿ ತಪ್ಪು ಹುಡುಕಲು ರಾಜೇಶ್ವರಿಯ ವಿಮರ್ಶಕ ಬುದ್ಧಿ ಆ ಹೊತ್ತಿನಲ್ಲೂ ತಡಕಾಡಿತು. ತಪ್ಪೇನೂ ಸಿಗಲಿಲ್ಲ. ಅವಳು ಬರೆದದ್ದೇ ಅದು.

ಚಪ್ಪಾಳೆ ಬಿತ್ತು. ಅಧ್ಯಕ್ಷರು ಪ್ರತಿಕ್ರಿಯೆ ಹೇಳಬೇಕೆಂದು ಕೇಳಿಕೊಂಡರು. ರಾಜೇಶ್ವರಿ ಎದ್ದು ಮೈಕಿನ ಮುಂದೆ ನಿಂತಳು. ಮೂವತ್ತು ವರ್ಷ ಪಾಠ ಹೇಳಿದ ಗಂಟಲು, ತಾನಾಗಿಯೇ ಮಾತಾಡಿಬಿಟ್ಟಿತು.

"ಒಂದು ಮಾತು ಸ್ಪಷ್ಟಪಡಿಸಬೇಕು. ಕವಿತೆಯ 'ನಾನು' ಕವಿಯಲ್ಲ. ಹಾಗೆಯೇ ಈ ಅಕ್ಕ ಯಾರ ಅಕ್ಕನೂ ಅಲ್ಲ. ಅದೊಂದು ಕಲ್ಪನೆ, ಒಂದು ರೂಪಕ."

ಮಂಗಳಕ್ಕ ಮಡಿಲಲ್ಲಿದ್ದ ಕೈಚೀಲದ ಜಿಪ್ಪನ್ನು ತೆಗೆದಳು, ಹಾಕಿದಳು. ತಲೆ ಎತ್ತಲಿಲ್ಲ.

ಗಿರಿರಾಜ್ ತನ್ನ ಕಾರಿನಲ್ಲೇ ಅವರನ್ನು ಮನೆಗೆ ಬಿಟ್ಟ. ದಾರಿಯುದ್ದಕ್ಕೂ ಅವನಿಗೆ ಸಂಭ್ರಮ. ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡುತ್ತಾ ಕೇಳಿದ: "ಅಮ್ಮಾ, ನಿಮಗೆ ಕವಿತೆ ಅರ್ಥ ಆಯ್ತಾ? ಭಾಷೆ ಕಷ್ಟ ಆಗಲಿಲ್ಲ ತಾನೇ?"

"ಇಲ್ಲಪ್ಪ" ಅಂದಳು ಮಂಗಳಕ್ಕ. "ಚೆನ್ನಾಗಿ ಅರ್ಥ ಆಯ್ತು."

ಮನೆಗೆ ಬಂದು ಸೀರೆ ಬದಲಿಸಿ, ಕುಕ್ಕರಿಗೆ ಅಕ್ಕಿ ಹಾಕಿದಳು. ರಾಜೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಕ್ಕ, ನಾನು ಅದನ್ನ ಕೆಟ್ಟದಾಗಿ ಬರೆದಿರಲಿಲ್ಲ. ನಿನ್ನ ಮೇಲಿನ ಪ್ರೀತಿಗೇ..."

"ಯಾವತ್ತು ನೋಡಿದೆ?"

"ಮೀಟಿಂಗ್ ಇಲ್ಲ ಅಂತ ಬೇಗ ಬಂದಿದ್ನಲ್ಲ, ಆವತ್ತು."

"ಬೆಲ್ ಮಾಡಿದ್ಯಲ್ಲ ಆವತ್ತು."

"ನೋಡಿ ಆದ್ಮೇಲೆ ಹೊರಗೆ ಹೋಗಿ ಬೆಲ್ ಮಾಡಿದೆ."

ಮಂಗಳಕ್ಕ ಒಲೆ ಸಣ್ಣ ಮಾಡಿದಳು. ಅಳುತ್ತಿರಲಿಲ್ಲ. ಅಳುತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು ಅನಿಸಿತು ರಾಜೇಶ್ವರಿಗೆ.

"ಬಾಗಿಲ ತನಕ ಬಂದಿದ್ದೆ. ಒಳಗೆ ಯಾಕೆ ಬರಲಿಲ್ಲ ನೀನು?" ಅಂದಳು ಮಂಗಳಕ್ಕ. "ಆ ದಂಡೆ ನಿಲ್ಲದೆ ಜಾರ್ತಾ ಇತ್ತು. ನಿನ್ನ ಜಡೆಗೆ ಎಷ್ಟು ವರ್ಷ ಹೂವು ಮುಡಿಸಿದೀನಿ ನಾನು. ಒಳಗೆ ಬಂದು ಒಂದು ಪಿನ್ ಹಾಕಿದ್ರೆ ಆಗ್ತಿರಲಿಲ್ವಾ? 'ಇರ್ಲಿ ಬಿಡಕ್ಕ, ಮುಡ್ಕೋ' ಅಂತ ನೀನೊಬ್ಬಳು ಅಂದಿದ್ರೆ ನಾನು ಬೀದಿಗೇ ಮುಡ್ಕೊಂಡು ಹೋಗ್ತಿದ್ದೆನೋ ಏನೋ. ನಿಂತು ನೋಡಿ, ಹೋಗಿ ಬರ್ಕೊಂಡೆ."

ನಿಜ ಹೇಳಬೇಕೆಂದರೆ ಒಳಗೆ ಹೋಗುವ ಯೋಚನೆಯೇ ಆವತ್ತು ರಾಜೇಶ್ವರಿಗೆ ಬಂದಿರಲಿಲ್ಲ. ಬಾಗಿಲಲ್ಲಿ ನಿಂತಾಗಲೇ ಅವಳ ತಲೆಯಲ್ಲಿ ಇಂಗ್ಲಿಷ್ ಪದಗಳು ಸಾಲಾಗಿ ನಿಲ್ಲತೊಡಗಿದ್ದವು. ಸದ್ದಾದರೆ ಅವು ಕದಡುತ್ತವೆಂದೇ ಅವಳು ಸದ್ದಿಲ್ಲದೆ ಹಿಂದೆ ಸರಿದದ್ದು.

ಮಾರನೆಯ ದಿನ ಅವಳು ಗಿರಿರಾಜನಿಗೆ ಫೋನು ಮಾಡಿ, ಅನುವಾದವನ್ನು ಎಲ್ಲೂ ಅಚ್ಚು ಹಾಕಿಸಬೇಡ ಎಂದಳು. ಅವನಿಗೆ ಆಶ್ಚರ್ಯ.

"ಮೇಡಂ, ಬರೆದ ಮೇಲೆ ಕವಿತೆ ಓದುಗನದು ಅಂತ ನೀವೇ ಬರೆದಿದೀರಲ್ಲ? ನಾನು ಕ್ಲಾಸಲ್ಲಿ ಅದನ್ನೇ ಹೇಳ್ಕೊಡ್ತೀನಿ."

"ತಪ್ಪು ಬರೆದಿದೀನಿ ಗಿರಿರಾಜ್."

ಅವನು ಬೇಸರದಿಂದಲೇ ಒಪ್ಪಿಕೊಂಡ. ಆದರೆ ಅವನು ಓದಿದ್ದರ ವಿಡಿಯೊ ಆಗಲೇ ಸಂಘದ ವಾಟ್ಸ್‌ಆ್ಯಪ್ ಗುಂಪಿನಿಂದ ಭಜನಾ ಮಂಡಳಿಯ ಗುಂಪಿಗೆ ಬಂದಾಗಿತ್ತು. ಮಂಗಳಕ್ಕನ ಫೋನಿಗೂ ಬಂತು. ಅವಳು ಆ ವಾರ ಭಜನೆಗೆ ಹೋಗಲಿಲ್ಲ. ವರಲಕ್ಷ್ಮಿ ವಿಚಾರಿಸಲು ಬಂದಳು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಇತ್ತು.

"ಆಂಟಿ, ಕದ್ದು ಯಾಕೆ ಮುಡ್ಕೊಳ್ತೀರಾ? ಕಾಲ ಬದಲಾಗಿದೆ. ನೀವು ಹೂವು ಮುಡ್ಕೊಂಡು ಬಂದ್ರೂ ನಾವ್ಯಾರೂ ಏನೂ ಅನ್ಕೊಳ್ಳಲ್ಲ" ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು.

ಮಂಗಳಕ್ಕ ನಗುತ್ತಾ ಹೂವು ತೆಗೆದುಕೊಂಡಳು. ವರಲಕ್ಷ್ಮಿ ಹೋದ ಮೇಲೆ ಅದನ್ನು ದೇವರ ಪಟಕ್ಕೆ ಹಾಕಿ, ಮಗನಿಗೆ ಫೋನು ಮಾಡಿದಳು. "ವೀರೇಶಾ, ಬಂದು ಕರ್ಕೊಂಡು ಹೋಗ್ತೀಯೇನೋ? ಸ್ವಲ್ಪ ದಿನ ಅಲ್ಲಿರ್ತೀನಿ." ರಾಜೇಶ್ವರಿ ಹಾಲಿನಲ್ಲಿ ಪೇಪರ್ ಹಿಡಿದು ಕೂತಿದ್ದಳು. ಬೇಡ ಅನ್ನುವ ಹಕ್ಕು ತನಗಿಲ್ಲವೆಂದು ಪುಟ ತಿರುಗಿಸಿದಳು.

ಸ್ವಲ್ಪ ದಿನ ಕಳೆದು ತಿಂಗಳಾಯಿತು. ಒಂದು ಶನಿವಾರ ರಾಜೇಶ್ವರಿ ವಿಜಯನಗರದ ತನಕ ಆಟೊದಲ್ಲಿ ಹೋಗಿ ಮೆಟ್ರೊ ಹತ್ತಿದಳು. ನಾಯಂಡಹಳ್ಳಿ ದಾಟಿ ರೈಲು ಬಾಗಿದಾಗ, ಕಿಟಕಿಯಾಚೆ ತಾರಸಿಗಳ ಮೇಲೆ ಒಣಹಾಕಿದ ಬಟ್ಟೆಗಳನ್ನು ನೋಡುತ್ತಿದ್ದವಳ ತಲೆಯಲ್ಲಿ ಒಂದು ಸಾಲು ಎದ್ದಿತು. ಇಂಗ್ಲಿಷ್ ಸಾಲು. ಒಳ್ಳೆಯ ಸಾಲು. ಅದರ ಬೆನ್ನಿಗೇ ಎರಡನೆಯದೂ ಬರುವುದರಲ್ಲಿತ್ತು. ರಾಜೇಶ್ವರಿಗೆ ತನ್ನ ಬಗ್ಗೆಯೇ ಅಸಹ್ಯ ಹುಟ್ಟಿತು. ಪಕ್ಕದ ಹೆಂಗಸನ್ನು ಸುಮ್ಮಸುಮ್ಮನೆ "ಕೆಂಗೇರಿ ಇನ್ನೆಷ್ಟು ದೂರ?" ಎಂದು ಕೇಳಿ ಮಾತಿಗೆಳೆದಳು. ಸಾಲು ಹೋಗಲಿಲ್ಲ.

ಚನ್ನವೀರೇಶನೂ ಹೆಂಡತಿಯೂ ಹೊರಗೆ ಹೋಗಿದ್ದರು. ಮಂಗಳಕ್ಕ ಮೆಣಸಿನಕಾಯಿ ಬಜ್ಜಿ ಕರಿದು, ಮಂಡಕ್ಕಿ ಕಲಸಿ ಇಟ್ಟಳು. ಮೊಮ್ಮಗಳ ಪರೀಕ್ಷೆ, ನೀರಿನ ಟ್ಯಾಂಕರು, ಕಾಲುನೋವು ಎಂದು ಮಾತಾಡಿದಳು.

"ಮನೆಗೆ ಬಾ ಅಕ್ಕ" ಅಂದಳು ರಾಜೇಶ್ವರಿ.

"ಇಲ್ಲ ಕಣೇ. ಇಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಹಾಯಾಗಿದೀನಿ."

"ಹೊಸ ಪುಸ್ತಕದಿಂದ ಅದನ್ನ ತೆಗೆಸಿದೀನಿ. ಇನ್ಮೇಲೆ ನಿನ್ನ ಬಗ್ಗೆ ಬರೆಯಲ್ಲ."

ಮಂಗಳಕ್ಕ ಆವತ್ತು ಮೊದಲ ಬಾರಿಗೆ ನಕ್ಕಳು. "ಬರೀದೆ ಇರ್ತೀಯಾ? ನೀನಾ?"

ರಾಜೇಶ್ವರಿ ಮಂಡಕ್ಕಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಬರೋವಾಗ ರೈಲಲ್ಲೇ ಒಂದು ಸಾಲು ಬಂತು" ಅಂದಳು, ನೆಲ ನೋಡುತ್ತಾ.

"ನನ್ನ ಮೇಲೇನಾ?"

"ಹೂಂ."

"ಇಂಗ್ಲಿಷಲ್ಲಾ?"

"ಹೂಂ."

"ಕನ್ನಡದಲ್ಲಿ ಹೇಳು ನೋಡೋಣ."

ರಾಜೇಶ್ವರಿ ಹೇಳಿದಳು. "'ಬಾಗಿಲ ತನಕ ಬಂದಿದ್ದೆ, ಒಳಗೆ ಯಾಕೆ ಬರಲಿಲ್ಲ?'"

ಮಂಗಳಕ್ಕ ಮುಂದಿನದಕ್ಕೆ ಕಾದಳು. ಮುಂದೆ ಏನೂ ಇಲ್ಲವೆಂದು ತಿಳಿದಾಗ, "ಅದು ನಾನು ಹೇಳಿದ್ದಲ್ವೇನೇ?" ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಬರೀ ಸೋಜಿಗವಿತ್ತು. ಸಿಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಂಗಳಕ್ಕ ಬಸವೇಶ್ವರನಗರಕ್ಕೆ ಮರಳಲಿಲ್ಲ. ಅವಳ ಸೀರೆಗಳನ್ನು ಚನ್ನವೀರೇಶ ಬಂದು ಒಯ್ದ. ರಾಜೇಶ್ವರಿಯ ಸಮಗ್ರ ಕವಿತೆಗಳ ಪುಸ್ತಕ ಆ ಕವಿತೆಯಿಲ್ಲದೆ ಹೊರಬಂತು. ಅವಳ ಅತ್ಯುತ್ತಮ ಕವಿತೆಯೇ ಬಿಟ್ಟುಹೋಗಿರುವುದು ಪ್ರಕಾಶಕರ ಅಲಕ್ಷ್ಯ ಎಂದು ಒಬ್ಬ ವಿಮರ್ಶಕ ಬರೆದ. ಅವಳು ಪ್ರಕಾಶಕರ ಕ್ಷಮೆ ಕೇಳಿದಳೇ ಹೊರತು ವಿಮರ್ಶಕನಿಗೆ ಉತ್ತರ ಕೊಡಲಿಲ್ಲ.

ಈಗಲೂ ಶನಿವಾರಗಳಂದು ಅವಳು ಕೆಂಗೇರಿಗೆ ಹೋಗುತ್ತಾಳೆ. ಅಕ್ಕತಂಗಿಯರು ಸೊಪ್ಪು ಬಿಡಿಸುತ್ತಾ ದಾವಣಗೆರೆಯ ಮಾತಾಡುತ್ತಾರೆ. ಒಮ್ಮೊಮ್ಮೆ ಮಂಗಳಕ್ಕ ಯಾವುದೋ ಹಳೆಯ ಸಂಗತಿ ಹೇಳುತ್ತಾ ಹೇಳುತ್ತಾ ಅರ್ಧಕ್ಕೇ ನಿಲ್ಲಿಸಿ, ತಂಗಿಯ ಮುಖವನ್ನೊಮ್ಮೆ ನೋಡಿ, "ಇರ್ಲಿ ಬಿಡು" ಎಂದು ಮಾತು ಬದಲಿಸುತ್ತಾಳೆ. ಆಗೆಲ್ಲ ರಾಜೇಶ್ವರಿ ತಲೆ ಎತ್ತದೆ ಸೊಪ್ಪಿನ ದಂಟು ಮುರಿಯುತ್ತಾಳೆ. ಆಮೇಲೇನಾಯಿತು ಎಂದು ಕೇಳುವುದಿಲ್ಲ.